ಗ್ಲಾಸಿನಲ್ಲಿ ತೋಟ ಕಾಣಬೇಕು

ವೈನ್ ತೋಟದವರು ಬಂದವರಿಗೆ ಒಂದು ಮಾತು ಕೊಡುತ್ತಾರೆ: ಅಂಗಡಿಯ ಬಾಟಲಿಯಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ, ಈ ಮಣ್ಣು, ಈ ಬಳ್ಳಿ, ಈ ಗಾಳಿಯ ರುಚಿ. ಗೆಳೆಯರು ಗುಂಪು ಕಟ್ಟಿಕೊಂಡು ಹೋಗಿ, ದುಡ್ಡು ಕಟ್ಟಿ, ತೋಟ ಸುತ್ತಿ, ಪೀಪಾಯಿಗಳ ಸಾಲು ನೋಡಿ, ಐದಾರು ಬಗೆಯ ವೈನ್ ಮೂಸಿ ಸವಿದು ಬರುವ ಈ ಪದ್ಧತಿಯನ್ನು ಆ ಮಾತಿನಿಂದಲೇ ಅಳೆಯುವುದು ನ್ಯಾಯ. ಹಾಗೆ ಅಳೆದರೆ ಕರ್ನಾಟಕದ ವೈನ್ ಟೇಸ್ಟಿಂಗ್ ನಾಲಿಗೆಗೆ ಒಳ್ಳೆಯ ಪಾಠ ಹೇಳುತ್ತದೆ, ತೋಟದ ವಿಷಯ ಮಾತ್ರ ಅರ್ಧಕ್ಕೇ ಬಿಡುತ್ತದೆ.

ಬೆಳಗಾವಿ ಜಿಲ್ಲೆಯ ನಮ್ಮ ಸಂಪಗಾಂವ ಸೀಮೆಯವರಿಗೆ ತೋಟಕ್ಕೇ ಹೋಗಿ ಸವಿಯಬೇಕೇ ಎಂಬ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೊಲಗಳು ಹತ್ತಿ, ಜೋಳ, ಕಡಲೆ, ಸೋಯಾ, ಕಬ್ಬಿಗೆ ಹೆಸರಾದವು. ದ್ರಾಕ್ಷಿ ಕಾಣಬೇಕಾದರೆ ಅಥಣಿಗೋ ವಿಜಯಪುರಕ್ಕೋ ಹೋಗಬೇಕು. ಅಲ್ಲಿಯೂ ಹೆಚ್ಚಾಗಿ ಇರುವುದು ಥಾಮ್ಸನ್ ಸೀಡ್‌ಲೆಸ್, ತಿನ್ನಲಿಕ್ಕೆ ಮತ್ತು ಒಣದ್ರಾಕ್ಷಿಗೆ. ಬೆಳಗಾವಿಯ ವೈನ್ ಮೇಳದಲ್ಲಿ ಬಾಟಲಿಗಳನ್ನು ನೋಡಬಹುದು, ಬಳ್ಳಿಯನ್ನಲ್ಲ. ಬಳ್ಳಿಯ ಬುಡದಲ್ಲೇ ನಿಂತು ವೈನ್ ಕುಡಿಯುವ ಆಸೆ ಇದ್ದವರು ಹುಬ್ಬಳ್ಳಿ, ದಾವಣಗೆರೆ, ತುಮಕೂರು ದಾಟಿ ನಂದಿ ಬೆಟ್ಟದ ಬುಡಕ್ಕೆ ಹೋಗುವುದೇ ರೂಢಿ.

ನಂದಿಯೇ ಯಾಕೆ ಎನ್ನುವುದಕ್ಕೆ ಚರಿತ್ರೆಯಿದೆ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ, ವಿದೇಶಿ ತಳಿಗಳು ಇಲ್ಲಿ ಬಾಳುತ್ತವೆಯೇ ಎಂದು ವರ್ಷಗಟ್ಟಲೆ ಪರೀಕ್ಷಿಸಿ, 1988ರಲ್ಲಿ ನಂದಿ ಪಕ್ಕದ ದೊಡ್ಡಬಳ್ಳಾಪುರದ ಕಡೆ ತೋಟ ಕಟ್ಟಿದರು. 1992ರಲ್ಲಿ ಮೊದಲ ವೈನ್ ಹೊರಬಂತು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಹಂಪಿ ಹಿಲ್ಸ್ ಎಂಬ ಹೆಸರನ್ನು ಲೇಬಲ್‌ಗೆ ತಂದಿತು. ಈ ಸಾಧನೆಯ ಬೆಲೆ ತಿಳಿಯಬೇಕಾದರೆ ಒಂದು ಕಷ್ಟ ಗೊತ್ತಿರಬೇಕು: ರಾತ್ರಿ ಬಿಸಿಯಿದ್ದಷ್ಟೂ ಹಣ್ಣಿನೊಳಗಿನ ಹುಳಿ ಬೇಗ ಕರಗುತ್ತದೆ. ಸಕ್ಕರೆ ಏರಿ ಹುಳಿ ಇಳಿದ ಹಣ್ಣಿನ ವೈನ್ ಸಪ್ಪೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ನಂದಿಯ ಬುಡ ಅದಕ್ಕಿಂತ ಇನ್ನೂ 300 ಮೀಟರ್ ಮೇಲಿದೆ. ಅಲ್ಲಿನ ರಾತ್ರಿಯ ತಂಪೇ ಆ ವೈನಿನ ಬಂಡವಾಳ.

ಟೇಸ್ಟಿಂಗ್ ಕ್ರಮದಲ್ಲಿ ಮೆಚ್ಚಬೇಕಾದ್ದು ಬಹಳವಿದೆ. ಮೊದಲು ಬಣ್ಣ ನೋಡು, ಗ್ಲಾಸ್ ತಿರುಗಿಸು, ಮೂಸು, ಒಂದು ಗುಟುಕು ಬಾಯಿ ತುಂಬ ಆಡಿಸು, ಆಮೇಲೆ ಮಾತಾಡು. ನಮ್ಮ ಗುಂಪಿನ ಒಬ್ಬ ಗೆಳೆಯ ಎರಡನೇ ಗ್ಲಾಸಿಗೇ ಬೇಸತ್ತು, ‘ಅಲ್ಲೋ, ನಾವು ಕುಡ್ಯಾಕ ಬಂದೀವೋ, ಮೂಸಾಕ ಬಂದೀವೋ?’ ಎಂದ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬಾಯಿ ಒಗರಾಗುವುದು ಯಾವುದರಿಂದ, ಜೊಲ್ಲು ಸುರಿಯುವುದು ಯಾವುದರಿಂದ ಎಂದು ಅವನೇ ಬೇರೆ ಮಾಡಿ ಹೇಳುತ್ತಿದ್ದ. ಒಗರು ಸಿಪ್ಪೆ, ಬೀಜದ ಟ್ಯಾನಿನ್‌ನದು, ಜೊಲ್ಲು ಹುಳಿಯದು. ಒಂದೇ ಏಟಿಗೆ ಗಂಟಲಿಗಿಳಿಸುವ ನಮ್ಮ ಕುಡಿತಕ್ಕೆ ಈ ನಿಧಾನ ಹೊಸದು. ಕುಡಿಯದ ಗೆಳೆಯನೂ ಮೂಸಿಯೇ ಮಾತಿಗೆ ಕೂಡಬಹುದು. ಇಷ್ಟು ಕಲಿಸಿದರೂ ಟೇಸ್ಟಿಂಗ್ ಗೆದ್ದಂತೆಯೇ.

ಸೋಲುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮಲ್ಲಿ ಬೆಲ್ಲ ಕೊಳ್ಳುವವರು ಪೆಂಟಿಯ ಮೂಲೆ ಮುರಿದು ಬಾಯಿಗೆ ಹಾಕಿ, ಉಪ್ಪು ಹತ್ತಿದರೆ ‘ಸವುಳು ನೆಲದ ಕಬ್ಬು’ ಎನ್ನುತ್ತಾರೆ. ರುಚಿಯಿಂದ ನೆಲಕ್ಕೆ ಹೋಗುವ ಆ ದಾರಿಯನ್ನೇ ವೈನ್ ತೋಟ ತೋರಿಸಬೇಕಿತ್ತು. ಅದಕ್ಕೆ ಬೇಕಾದ್ದು ಹೋಲಿಕೆ: ಒಂದೇ ದ್ರಾಕ್ಷಿ, ಎರಡು ವರ್ಷದ್ದು, ಅಥವಾ ಒಂದೇ ತಳಿ, ಎರಡು ನೆಲದ್ದು. ಸಾಮಾನ್ಯವಾಗಿ ಸುರಿಯುವುದು ಬೇರೆ ಲೆಕ್ಕದಲ್ಲಿ: ಬಿಳಿ, ಗುಲಾಬಿ, ಕೆಂಪು, ಕೊನೆಗೆ ಎಲ್ಲಕ್ಕಿಂತ ದುಬಾರಿಯದು. ಹಗುರದ್ದು ಮೊದಲು, ಗಡಸಿನದು ಆಮೇಲೆ ಎನ್ನುವುದು ನಾಲಿಗೆಗೆ ಸರಿಯೇ. ಆದರೆ ತಳಿ, ವರ್ಷ, ಮಾಗಿಸಿದ ರೀತಿ ಎಲ್ಲವೂ ಒಟ್ಟಿಗೇ ಬದಲಾದರೆ ಯಾವ ರುಚಿಗೆ ಯಾವುದು ಕಾರಣ ಎಂದು ಯಾರೂ ಹೇಳಲಾರರು. ಹೊರಬರುವಾಗ ತಲೆಯಲ್ಲಿ ಉಳಿಯುವುದು ಬ್ರಾಂಡಿನ ಹೆಸರು.

ತೋಟದ ಸುತ್ತಾಟದಲ್ಲೂ ದೊಡ್ಡ ಕಥೆಯೊಂದು ಕೈತಪ್ಪುತ್ತದೆ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಳ್ಳಿಗೆ ಆ ನಿದ್ದೆಯೇ ಇಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣು ಬರಲೆಂದು. ಎರಡು ಸಲ ಕತ್ತರಿಸಿ ಕೊಯ್ಯುವುದು ಒಂದೇ ಬೆಳೆ, ಬಹುಪಾಲು ಫೆಬ್ರುವರಿ-ಮಾರ್ಚ್‌ನಲ್ಲಿ. ಹಿಂಗಾರಿನ ಅಕಾಲಿಕ ಮಳೆ ಹೂವಿನ ಮೇಲೆ ಬಿದ್ದರೆ ಬೂಜು ರೋಗ. ಅಥಣಿಯ ಯಾವ ರೈತನೂ ಇದನ್ನು ಅರ್ಧ ತಾಸು ಹೇಳಬಲ್ಲ. ಟೂರಿನಲ್ಲಿ ಇದಕ್ಕೆ ಸಿಗುವುದು ಎರಡು ವಾಕ್ಯ. ಓಕ್ ಪೀಪಾಯಿಗಳ ಮುಂದೆ ಫೋಟೋಗೆ ಸಿಗುವ ಸಮಯ ಅದಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಹೋದವರಿಗೆ ಕಾಣುವುದು ಬರೀ ಹಸಿರೆಲೆ, ಗೊನೆಯ ಸುಳಿವಿಲ್ಲ.

ಇನ್ನೊಂದು ಕೊರತೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಂಗಳೂರು ಬ್ಲೂ ನಮ್ಮ ರಾಜ್ಯದ ದ್ರಾಕ್ಷಿ, ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದದ್ದು. ನಂದಿಯ ಸುತ್ತಮುತ್ತ ತಲೆಮಾರುಗಳಿಂದ ಬೆಳೆಯುತ್ತಿರುವುದು ಅದೇ. ಕಡಿಮೆ ಬೆಲೆಯ ಸಿಹಿ ಪೋರ್ಟ್ ವೈನಿನಲ್ಲಿ ಸಾಮಾನ್ಯ ಜನ ಸವಿದದ್ದೂ ಬಹುಮಟ್ಟಿಗೆ ಅದನ್ನೇ. ಅದರ ಕಟು ಪರಿಮಳ ಒಳ್ಳೆಯ ವೈನಿಗೆ ಒಗ್ಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಶಿರಾಜ್, ಕ್ಯಾಬರ್ನೆ ಪಕ್ಕದಲ್ಲಿ ಅದನ್ನೂ ಒಂದು ಗುಟುಕು ಸುರಿದರೆ, ಯಾಕೆ ಒಗ್ಗದು ಎಂದು ಬಂದವರ ಮೂಗಿಗೇ ತಿಳಿಯುತ್ತದೆ. ಸ್ಥಳೀಯ ರುಚಿ ಎಂದು ಬೋರ್ಡು ಹಾಕಿ ಸ್ಥಳೀಯ ಹಣ್ಣನ್ನೇ ಬಾಗಿಲಾಚೆ ನಿಲ್ಲಿಸುವುದು ಟೇಸ್ಟಿಂಗ್ ಅಲ್ಲ, ಅಂತಸ್ತು.

ಸವಿದ ವೈನ್ ಉಗುಳುವ ಪಾತ್ರೆಯ ಮಾತೂ ಬರಬೇಕು. ಮೇಜಿನ ಮೇಲೆ ಅದು ಇರುತ್ತದೆ, ಬಳಸುವವರು ಅಪರೂಪ. ತಲಾ 30 ಮಿಲಿಯಂತೆ ಐದು ವೈನ್ ನುಂಗಿದರೆ 150 ಮಿಲಿ. ಶೇ 13ರ ಲೆಕ್ಕದಲ್ಲಿ ಒಳಹೋದ ಮದ್ಯಸಾರ 60 ಮಿಲಿ ವಿಸ್ಕಿಯ ಮುಕ್ಕಾಲು ಪಾಲು. ಕಾರು ಓಡಿಸುವ ಗೆಳೆಯನಿಗೆ ಇದನ್ನು ಮೊದಲೇ ಹೇಳುವುದು ತೋಟದವರ ಕರ್ತವ್ಯ.

ನಮ್ಮ ಮಲಪ್ರಭೆಯ ದಂಡೆಗೂ ಇಂಥದ್ದೊಂದು ವೈನ್ ತೋಟ ಬರಲಿ ಎನ್ನುವವರು ನಾಸಿಕದ ಕಡೆ ನೋಡಬೇಕು. ಅಲ್ಲಿ ಪ್ರವಾಸಿಗರಿಗಾಗಿ ಟೇಸ್ಟಿಂಗ್ ಕೋಣೆಗಳು ತೆರೆದು ಕೆಲವೇ ವರ್ಷಗಳಲ್ಲಿ, 2009-10ರ ಸುಮಾರಿಗೆ, ಖರೀದಿ ನಿಂತು ಹಲವು ರೈತರು ವೈನ್ ಬಳ್ಳಿ ಕಿತ್ತರು. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು. ವೈನರಿ ಕೊಳ್ಳದಿದ್ದರೆ ಸಂತೆಯಲ್ಲಿ ಕೇಳುವವರಿಲ್ಲ. ಮಳೆ ಹೆಚ್ಚಿನ ಕಿತ್ತೂರಿಗಿಂತ ಒಣಗಾಳಿಯ ರಾಮದುರ್ಗಕ್ಕೆ ಬಳ್ಳಿ ಹೊಂದೀತು. ಖರೀದಿಯ ಕರಾರು ಇಲ್ಲದೆ ಅಲ್ಲಿಯೂ ಹೊಂದದು.

ಹಾಗಾದರೆ ಹೋಗಬೇಕೇ? ಹೋಗಬೇಕು, ಕೊಯ್ಲಿನ ದಿನಗಳಲ್ಲಿ, ಮೂರು ಪ್ರಶ್ನೆ ಹಿಡಿದುಕೊಂಡು: ಇದೇ ವೈನಿನ ಬೇರೆ ವರ್ಷದ್ದು ಇದೆಯೇ? ಹಣ್ಣು ಯಾರ ತೋಟದ್ದು, ಕಿಲೋಗೆ ಎಷ್ಟು ಕೊಟ್ಟಿರಿ? ಬೆಂಗಳೂರು ಬ್ಲೂ ಎಲ್ಲಿ? ಉತ್ತರ ಸಿಗುವ ತೋಟಕ್ಕೆ ನಾನೂರಕ್ಕೂ ಮಿಕ್ಕಿದ ಕಿಲೋಮೀಟರ್ ಸಾರ್ಥಕ. ಸಿಗದ ತೋಟದ ಬಾಟಲಿಯನ್ನು ಊರ ಹತ್ತಿರದ ಅಂಗಡಿಯಲ್ಲೇ ಕೊಂಡರೆ ಡೀಸೆಲ್ ಆದರೂ ಉಳಿದೀತು.