ಕರ್ತನ ಮೇಜಿನಿಂದ ಎಬ್ಬಿಸುವ ಓದು

ಹುಮನಾಬಾದ್, ಬಸವಕಲ್ಯಾಣ ಭಾಗದ ಕ್ರೈಸ್ತ ಸಭೆಗಳಲ್ಲಿ ಪ್ರಸಂಗಿಯೊಬ್ಬರಿಗೆ ಸಿಗುವ ಅತಿ ದೊಡ್ಡ ಮೆಚ್ಚುಗೆ ‘ವಾಕ್ಯದಾಗ ಭಾಳ ಗಟ್ಟಿ ಇದ್ದಾರ್ರೀ’ ಎಂಬುದು. ಹೈದರಾಬಾದ್ ಹೆದ್ದಾರಿಯ ಊರುಗಳಲ್ಲಿ ಶಾಮಿಯಾನ ಹಾಕಿ ಉಜ್ಜೀವನ ಕೂಟ ನಡೆಸುತ್ತಾರೆ. ಬಂದ ಪ್ರಸಂಗಿಗಳು ತೆಲುಗಿನಲ್ಲಿ ಹೇಳುತ್ತಾರೆ, ಪಕ್ಕದಲ್ಲಿ ನಿಂತವರು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುತ್ತಾರೆ. ಕೂಟ ಮುಗಿದ ಮೇಲೆ ಜನ ಎಣಿಸುವುದು ಒಂದನ್ನೇ: ಪುಸ್ತಕ ತೆರೆಯದೆ ಎಷ್ಟು ವಾಕ್ಯ ಹೇಳಿದರು. ಈ ಕೀರ್ತಿಗೆ ಅರ್ಹತೆಗಿಂತ ಹೆಚ್ಚಿನ ಬೆಲೆ ಸಂದಿದೆ ಎಂಬುದು ನನ್ನ ವಾದ. ವಾಕ್ಯ ಬಾಯಿಗೆ ಬರುವುದು ಒಂದು ಶಕ್ತಿ, ವಾಕ್ಯವನ್ನು ಓದಲು ಬರುವುದು ಇನ್ನೊಂದು. ಮೊದಲನೆಯದಿದ್ದು ಎರಡನೆಯದಿಲ್ಲದ ಪ್ರಸಂಗಿಯ ಕೈಗೆ ಸಿಕ್ಕುವವರು ಕೂಟದಲ್ಲಿ ಎಲ್ಲರಿಗಿಂತ ಬಲಹೀನರು: ಕಾಯಿಲೆ ಬಿದ್ದವಳು, ಗಂಡ ಬಿಟ್ಟುಹೋದವಳು, ಸಾಲದಲ್ಲಿ ಮುಳುಗಿದವನು, ಮಗುವನ್ನು ಕಳೆದುಕೊಂಡ ತಾಯಿ.

ಈ ಸಭೆಗಳ ಚರಿತ್ರೆಯನ್ನು ಮತ್ತೆ ಹೇಳಬೇಕಿಲ್ಲ. ನಿಜಾಮನ ಕಾಲದಲ್ಲಿ ಬಂದ ಅಮೆರಿಕದ ಮೆಥಡಿಸ್ಟ್ ಮಿಷನ್, ದಲಿತ ಕೇರಿಗಳಲ್ಲಿ ಹುಟ್ಟಿದ ಸಭೆಗಳು, ಪರಿಶಿಷ್ಟ ಜಾತಿಯ ಪಟ್ಟಿಯಿಂದ ಕ್ರೈಸ್ತರನ್ನು ಹೊರಗಿಟ್ಟ 1950ರ ಆದೇಶ, 1981ರಲ್ಲಿ ಸ್ವತಂತ್ರವಾದ ಭಾರತದ ಮೆಥಡಿಸ್ಟ್ ಸಭೆ, ಇವೆಲ್ಲ ಎಲ್ಲರೂ ಬಲ್ಲ ಸಂಗತಿ. ಶಾಸ್ತ್ರದ ಮಾತು ಎತ್ತಿ ‘ನೀವು ಹೊರಗೆ ನಿಲ್ಲಿ’ ಎಂದು ಹೇಳಿಸಿಕೊಂಡ ಜನರ ಮೊಮ್ಮಕ್ಕಳು ಇವರು ಎಂಬುದನ್ನಷ್ಟೇ ನೆನಪಿನಲ್ಲಿಟ್ಟುಕೊಂಡರೆ ಸಾಕು. ಅಂಥವರಿಗೆ ಸತ್ಯವೇದದ ಹೆಸರಿನಲ್ಲಿ ಅದೇ ಮಾತನ್ನು ಮತ್ತೆ ಹೇಳುವುದು ಸಣ್ಣ ತಪ್ಪಲ್ಲ.

ಸೈತಾನನೂ ವಾಕ್ಯ ಹೇಳಿದ್ದ ಎಂಬ ಎಚ್ಚರಿಕೆ ಎಲ್ಲ ಪ್ರಸಂಗಿಗಳ ಬಾಯಲ್ಲೂ ಇದೆ. ದೇವಾಲಯದ ಶಿಖರದ ಮೇಲೆ ಅವನು ಯೇಸುವಿಗೆ 91ನೇ ಕೀರ್ತನೆಯನ್ನು ಒಪ್ಪಿಸಿದ, ಯೇಸು ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟ. ಈ ಎಚ್ಚರಿಕೆಯನ್ನು ಪಕ್ಕದ ಬೀದಿಯ ಸಭೆಯವರಿಗೆ ಅನ್ವಯಿಸುವವರೇ ಹೆಚ್ಚು, ತಮ್ಮ ಪ್ರಸಂಗಕ್ಕೆ ಅನ್ವಯಿಸಿ ನೋಡುವವರು ಕಡಿಮೆ. ಅದಕ್ಕೇ ಇಲ್ಲಿ ಒಂದೇ ಭಾಗವನ್ನು ಹಿಡಿದು ಕೂರುತ್ತೇನೆ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯ.

ಕರ್ತನ ಭೋಜನದ ಭಾನುವಾರ ಈ ಅಧ್ಯಾಯವನ್ನು ಸಾಮಾನ್ಯವಾಗಿ 23ನೇ ವಾಕ್ಯದಿಂದ ಓದುತ್ತಾರೆ. ಯೇಸು ರೊಟ್ಟಿ ಮುರಿದದ್ದು, ಪಾತ್ರೆ ಕೊಟ್ಟದ್ದು ಅಲ್ಲಿ ಬರುತ್ತದೆ. ಅಲ್ಲಿಂದ 27ಕ್ಕೆ ಬಂದು ದನಿ ಏರುತ್ತದೆ: ಅಯೋಗ್ಯವಾಗಿ ತಿಂದವನು ಕರ್ತನ ದೇಹಕ್ಕೂ ರಕ್ತಕ್ಕೂ ಅಪರಾಧಿ. 29ರಲ್ಲಿ ನ್ಯಾಯತೀರ್ಪಿನ ಮಾತು. 30ರಲ್ಲಿ, ಈ ಕಾರಣದಿಂದಲೇ ನಿಮ್ಮಲ್ಲಿ ಅನೇಕರು ಬಲಹೀನರು, ರೋಗಿಗಳು, ಕೆಲವರು ಸತ್ತೂ ಇದ್ದಾರೆ ಎಂಬ ಮಾತು. ಪ್ರಸಂಗ ಅಲ್ಲಿಗೆ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಹೆಣ್ಣುಮಗಳು ತನ್ನ ಸಕ್ಕರೆ ಕಾಯಿಲೆಯನ್ನೋ ಗಂಡನ ಕುಡಿತವನ್ನೋ ನೆನೆದು ಮೇಜಿನ ಬಳಿಗೆ ಬರದೆ ಉಳಿಯುತ್ತಾಳೆ. ‘ಈ ತಿಂಗಳ ನಾ ಯೋಗ್ಯಳಿಲ್ಲ’ ಎನ್ನುತ್ತಾಳೆ. ಬರುವ ತಿಂಗಳೂ ಅದೇ ಮಾತು. ಹೀಗೆ ವರ್ಷಗಟ್ಟಲೆ ಆ ಮೇಜಿನಿಂದ ದೂರ ಉಳಿದವರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರ ಈ ದೂರವನ್ನು ಭಕ್ತಿಯೆಂದು ಹೊಗಳುವವರೂ ಇದ್ದಾರೆ.

ಈಗ 17ನೇ ವಾಕ್ಯದಿಂದ ಓದಿ. ಪೌಲ ಅಲ್ಲಿ ಸಿಟ್ಟಿನಲ್ಲಿದ್ದಾನೆ. ನೀವು ಕೂಡಿಬರುವುದರಿಂದ ಒಳ್ಳೆಯದಾಗುವುದಿಲ್ಲ, ಕೆಡುಕಾಗುತ್ತಿದೆ ಎನ್ನುತ್ತಾನೆ. ಕಾರಣವನ್ನು 21ರಲ್ಲಿ ಬಿಡಿಸಿ ಹೇಳುತ್ತಾನೆ. ಆಗಿನ ಕರ್ತನ ಭೋಜನ ಬೆರಳ ತುದಿಯ ರೊಟ್ಟಿಚೂರಲ್ಲ, ಹೊಟ್ಟೆ ತುಂಬುವ ಊಟ. ಉಳ್ಳವರು ತಮ್ಮ ಊಟ ತಾವು ತಂದು, ಮೊದಲೇ ಕೂತು ತಿಂದು, ಕುಡಿದು ಮತ್ತರಾಗುತ್ತಿದ್ದರು. ಮಿಕ್ಕವರು ಹಸಿದೇ ಇರುತ್ತಿದ್ದರು. ಹಸಿದವರು ದುಡಿಮೆ ಮುಗಿಸಿ ತಡವಾಗಿ ಬರುತ್ತಿದ್ದ ಕೂಲಿಗಳು, ದಾಸರು ಎಂದು ಪಂಡಿತರು ಊಹಿಸುತ್ತಾರೆ. ಊಟದ ಕೋಣೆಯಲ್ಲಿ ಒರಗಿ ಕೂರಲು ಸುಮಾರು ಹತ್ತು ಮಂದಿಗಷ್ಟೇ ಜಾಗವಿದ್ದ ರೋಮನ್ ಮನೆಗಳಲ್ಲಿ ಉಳಿದವರು ಅಂಗಳದಲ್ಲಿ ಇರಬೇಕಿತ್ತು ಎಂದೂ ಅವರಲ್ಲಿ ಕೆಲವರು ವಾದಿಸಿದ್ದಾರೆ. ಜರ್ಮನಿಯ ಗೆರ್ಡ್ ಥೈಸನ್ 1970ರ ದಶಕದಲ್ಲಿ ಈ ಭಾಗವನ್ನು ವರ್ಗಭೇದದ ಜಗಳವೆಂದು ಓದಿದ ಮೇಲೆ ಹಳೆಯ ಹೆದರಿಕೆಯ ಓದಿಗೆ ವಿದ್ವತ್ತಿನ ಆಸರೆ ಸಡಿಲವಾಯಿತು. 22ನೇ ವಾಕ್ಯದಲ್ಲಿ ಪೌಲನೇ ಅಪರಾಧದ ಹೆಸರು ಹೇಳುತ್ತಾನೆ: ಇಲ್ಲದವರನ್ನು ನಾಚಿಕೆಗೀಡುಮಾಡುವುದು. ಅಯೋಗ್ಯವಾಗಿ ತಿನ್ನುವುದು ಎಂದು ಐದು ವಾಕ್ಯಗಳ ನಂತರ ಹೇಳುವುದು ಇದನ್ನೇ, ಬೇರೆ ಯಾವುದನ್ನೂ ಅಲ್ಲ.

ಮುಂದಿನ ವಾಕ್ಯ ಇನ್ನೂ ಸ್ಪಷ್ಟ. 28ರಲ್ಲಿ ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದಿದೆ. ಪರೀಕ್ಷಿಸಿಕೊಂಡು ಏನು ಮಾಡಬೇಕು? ತಿನ್ನಬೇಕು. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದು ಪೌಲ ಬರೆಯಲಿಲ್ಲ. ಅದೂ ಅಲ್ಲದೆ ಪರೀಕ್ಷೆ ಮಾಡಬೇಕಾದವನು ತಿನ್ನುವವನು, ಬಡಿಸುವವನಲ್ಲ. 29ರಲ್ಲಿ ದೇಹವನ್ನು ವಿವೇಚಿಸದೆ ತಿನ್ನುವವನ ಮಾತಿದೆ. ಆ ದೇಹ ರೊಟ್ಟಿಯೋ ಸಭೆಯೋ ಎಂದು ವ್ಯಾಖ್ಯಾನಕಾರರು ಇಂದಿಗೂ ಜಗಳವಾಡುತ್ತಾರೆ. ರೊಟ್ಟಿಯೇ ಎಂದು ಹಠ ಹಿಡಿಯುವವರಿಗೆ ನನ್ನ ಪ್ರಶ್ನೆ ಇಷ್ಟೇ: ಹಿಂದಿನ ಅಧ್ಯಾಯದ 17ನೇ ವಾಕ್ಯದಲ್ಲಿ ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಎಂದು ಬರೆದವನು, ಮುಂದಿನ ಇಡೀ ಅಧ್ಯಾಯವನ್ನು ಸಭೆಯೆಂಬ ದೇಹಕ್ಕೇ ಮೀಸಲಿಟ್ಟವನು, ನಡುವೆ ಈ ಒಂದು ಕಡೆ ಮಾತ್ರ ಸಭೆಯನ್ನು ಮರೆತನೇ?

ಇನ್ನು 30ನೇ ವಾಕ್ಯ. ಅದು ಕಠಿಣ ವಾಕ್ಯ, ಅದನ್ನು ಹಗುರಮಾಡುವುದಿಲ್ಲ. ಆದರೆ ಪೌಲ ‘ನಿಮ್ಮಲ್ಲಿ ಅನೇಕರು’ ಎಂದು ಇಡೀ ಸಭೆಗೆ ಹೇಳಿದ್ದಾನೆ. ರೋಗ ಬಂದವನೇ ತಪ್ಪಿತಸ್ಥ ಎಂದು ಅವನೆಲ್ಲೂ ಹೇಳಲಿಲ್ಲ. ಸಭೆಯ ಅನ್ಯಾಯದ ಫಲ ಸಭೆಯ ಮೈಯಲ್ಲಿ ಕಾಣಿಸಿಕೊಂಡಿದೆ ಎನ್ನುವುದು ಬೇರೆ, ಹಾಸಿಗೆ ಹಿಡಿದವಳ ಕಡೆ ಬೆರಳು ತೋರಿಸುವುದು ಬೇರೆ. ಆ ಬೆರಳು ಯೋಬನ ಗೆಳೆಯರದು, ಅವರನ್ನು ದೇವರೇ ಗದರಿಸಿದ. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರು ಯಾರು ಎಂದು ಶಿಷ್ಯರು ಕೇಳಿದಾಗ ಯೇಸು ಅವನೂ ಅಲ್ಲ, ಅವನ ತಂದೆತಾಯಿಯೂ ಅಲ್ಲ ಎಂದ. 32ಕ್ಕೆ ಬಂದರೆ ಭಯದ ಪ್ರಸಂಗ ಪೂರ್ತಿ ಕುಸಿಯುತ್ತದೆ: ಕರ್ತನು ನಮ್ಮನ್ನು ಶಿಕ್ಷಿಸಿ ತಿದ್ದುವುದು ಲೋಕದ ಸಂಗಡ ನಮಗೆ ಅಪರಾಧ ನಿರ್ಣಯ ಆಗದಿರಲಿ ಎಂದೇ. ದಂಡನೆಯ ಆಧಾರವೆಂದು ಎತ್ತಿಕೊಂಡ ಭಾಗವೇ ದಂಡನೆಯನ್ನು ತಡೆಯುತ್ತದೆ. ಕೊನೆಯಲ್ಲಿ, 33ರಲ್ಲಿ, ಪೌಲ ಪರಿಹಾರ ಹೇಳುತ್ತಾನೆ. ಅದು ಉಪವಾಸವಲ್ಲ, ಎಲ್ಲರೆದುರು ಅರಿಕೆಯಲ್ಲ, ಪ್ರಸಂಗಿಯ ಕೈ ತಲೆಯ ಮೇಲೆ ಇಡಿಸಿಕೊಳ್ಳುವುದೂ ಅಲ್ಲ. ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರಿ, ಅಷ್ಟೇ.

ಈ ಬಗೆಯ ಓದು ವಿದೇಶದ ಪಂಡಿತರದು, ನಮ್ಮ ಜನಕ್ಕೆ ಒಗ್ಗದು ಎನ್ನುವವರು ಬಸವಕಲ್ಯಾಣದ ನೆಲವನ್ನೇ ಮರೆತಿದ್ದಾರೆ. ಆರನೆಯ ವಿಕ್ರಮಾದಿತ್ಯನ ಈ ರಾಜಧಾನಿಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಒಂದಕ್ಕೊಂದು ಹೊಂದದ ಸ್ಮೃತಿವಾಕ್ಯಗಳನ್ನು ಅವನು ಮೀಮಾಂಸೆಯ ನಿಯಮಗಳಿಂದ ತೂಗಿದ. ಉಪಕ್ರಮ, ಉಪಸಂಹಾರ ಎಂದರೆ ಆರಂಭ ಮತ್ತು ಮುಕ್ತಾಯ ಏನು ಹೇಳುತ್ತವೆ ಎಂದು ನೋಡಿದ ಮೇಲೆಯೇ ನಡುವಿನ ಮಾತಿನ ತಾತ್ಪರ್ಯ ನಿರ್ಣಯಿಸಬೇಕು ಎಂಬುದು ಆ ಸಂಪ್ರದಾಯದ ಮೊದಲ ಲಕ್ಷಣ. ಕೊರಿಂಥ ಪತ್ರಿಕೆಯ ಈ ಭಾಗದ ಉಪಕ್ರಮ ಇಲ್ಲದವರ ಹಸಿವು, ಉಪಸಂಹಾರ ಅವರಿಗಾಗಿ ಕಾಯುವುದು. ಅದೇ ಕಲ್ಯಾಣದಲ್ಲಿ, ಶರಣ ಪರಂಪರೆ ಹೇಳುವಂತೆ, ಹರಳಯ್ಯ ಮತ್ತು ಮಧುವರಸರು ಮಕ್ಕಳ ಮದುವೆಯಿಂದ ಸಂಬಂಧ ಬೆಳೆಸಿದ್ದಕ್ಕೆ ವರ್ಣಸಂಕರದ ಆರೋಪ ಹೊತ್ತು ಪ್ರಾಣ ತೆತ್ತರು. ಶಾಸ್ತ್ರವನ್ನು ಎಚ್ಚರದಿಂದ ಓದುವ ವಿದ್ಯೆಯನ್ನೂ ಶಾಸ್ತ್ರ ಹಿಡಿದು ಕೊಲ್ಲುವ ಕ್ರೌರ್ಯವನ್ನೂ ಒಂದೇ ಊರು ಕಂಡಿದೆ. ಹಾಗಾಗಿ ಬರೀ ವಿದ್ಯೆ ಸಾಲದು. ಈ ವಾಕ್ಯ ಮೊದಲು ಯಾರ ವಿರುದ್ಧ ಹೇಳಿದ್ದು, ಈಗ ಯಾರ ವಿರುದ್ಧ ಹೇಳುತ್ತಿದ್ದಾರೆ ಎಂದು ಕೇಳಬೇಕು. ಬಲವುಳ್ಳವರಿಗೆ ಹೇಳಿದ ಗದರಿಕೆ ಬಲವಿಲ್ಲದವರ ಕಡೆ ತಿರುಗಿದ್ದರೆ ಅಲ್ಲಿ ದುರ್ಬಳಕೆ ನಡೆದಿದೆ. ನಾತಾನ ಪ್ರವಾದಿ ‘ಆ ಮನುಷ್ಯ ನೀನೇ’ ಎಂದದ್ದು ಸಿಂಹಾಸನದ ಮೇಲಿದ್ದ ದಾವೀದನಿಗೆ, ಬತ್ಷೆಬೆಗಲ್ಲ.

ಈ ಪ್ರಶ್ನೆಯನ್ನು ಮಲಾಕಿಯನಿಗೆ ಹಾಕಿ ನೋಡಿ. ದಶಮಾಂಶ ಕೊಡದವನು ದೇವರನ್ನು ದೋಚಿದ್ದಾನೆ ಎಂಬ 3ನೇ ಅಧ್ಯಾಯದ 8ನೇ ವಾಕ್ಯವನ್ನು ವಿಧವೆಯ ಪಿಂಚಣಿಗೂ ಕೂಲಿಯವನ ದಿನಗೂಲಿಗೂ ಹಚ್ಚುತ್ತಾರೆ. ಅದಕ್ಕೂ ಮೂರೇ ವಾಕ್ಯ ಹಿಂದೆ ಕೂಲಿಯವನ ಕೂಲಿ ಹಿಡಿದವರಿಗೆ, ವಿಧವೆಯರನ್ನೂ ತಬ್ಬಲಿಗಳನ್ನೂ ಬಾಧಿಸುವವರಿಗೆ ದೇವರು ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತಾನೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಮೂರನೆಯ ವರ್ಷದ ದಶಮಾಂಶದಲ್ಲಿ ವಿಧವೆ ಊಟ ಮಾಡಿ ತೃಪ್ತಳಾಗಬೇಕು. ಅವಳು ಪಡೆಯಬೇಕಾದವಳು.

ಪೂರ್ವಿಕರ ಶಾಪದ ಪ್ರಸಂಗ ಇದಕ್ಕಿಂತ ಕ್ರೂರ. ನಿಮ್ಮ ಮುತ್ತಜ್ಜ ಮರಗಮ್ಮನಿಗೆ ಕೋಣ ಕೊಟ್ಟ, ಆ ಶಾಪ ನಿಮ್ಮ ಮನೆಗೆ ಹತ್ತಿದೆ ಎಂದು ವಿಮೋಚನಕಾಂಡದ 20ನೇ ಅಧ್ಯಾಯ ತೋರಿಸುತ್ತಾರೆ. ಮೂರು ನಾಲ್ಕು ತಲೆಗಳ ಮಾತು ಹೇಳಿ, ಮುಂದಿನ ವಾಕ್ಯದಲ್ಲಿರುವ ಸಾವಿರ ತಲೆಗಳ ಕರುಣೆಯನ್ನು ಬಿಡುತ್ತಾರೆ. ಮಗನು ತಂದೆಯ ದೋಷಫಲ ಹೊರುವುದಿಲ್ಲ ಎಂದು ಯೆಹೆಜ್ಕೇಲ 18ನೇ ಅಧ್ಯಾಯದುದ್ದಕ್ಕೂ ವಾದಿಸಿದ್ದನ್ನು ತೆರೆಯುವುದೇ ಇಲ್ಲ. ಹಿಂದೆ ಕರ್ಮದ ಹೆಸರಿನಲ್ಲಿ ಈ ಜನರ ಹುಟ್ಟನ್ನೇ ಅಪರಾಧವೆಂದರು. ಶಾಪದ ಹೆಸರಿನಲ್ಲಿ ಹೇಳುವುದೂ ಅದನ್ನೇ.

ಇಲ್ಲಿ ನಮ್ಮ ದೇವತಾಶಾಸ್ತ್ರಿಗಳ ಮೇಲೂ ನನಗೆ ತಕರಾರಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರಕ್ಕೆ ಬಲ ಬಂತು. ಆ ಚಿಂತನೆಯ ಋಣ ದೊಡ್ಡದು. ಆದರೆ ಅದರ ಹೆಚ್ಚಿನ ಭಾಗ ಇಂಗ್ಲಿಷ್ ಪುಸ್ತಕಗಳಲ್ಲೇ ಉಳಿಯಿತು. ಅದನ್ನು ಓದಿದವರಲ್ಲಿ ಕೆಲವರು ಪೌಲನೇ ದಬ್ಬಾಳಿಕೆಯವನು, ಅವನನ್ನು ಬದಿಗಿಡೋಣ ಎಂಬಲ್ಲಿಗೆ ಬೇಗ ತಲುಪುತ್ತಾರೆ. ಬಸವಕಲ್ಯಾಣದ ಹಳ್ಳಿಯೊಂದರ ತಾಯಿಗೆ ಇದರಿಂದ ಏನೂ ದಕ್ಕುವುದಿಲ್ಲ. ಅವಳ ಬಳಿ ಇರುವುದು ಅದೊಂದೇ ಪುಸ್ತಕ. ಅವಳನ್ನು ಎತ್ತಿಹಿಡಿಯಲು ಬರೆದ ಭಾಗವನ್ನು ಅವಳ ಪರವಾಗಿ ಓದಿ ತೋರಿಸುವ ಬದಲು ಪುಸ್ತಕವನ್ನೇ ಅನುಮಾನಿಸಲು ಕಲಿಸಿದರೆ, ಅದನ್ನು ಹೆದರಿಸುವವನ ಕೈಗೇ ಬಿಟ್ಟುಕೊಟ್ಟಂತೆ. ಇನ್ನೊಂದು ಗುಂಪು, ಭಯವಿಲ್ಲದಿದ್ದರೆ ಸಭೆಯಲ್ಲಿ ಶಿಸ್ತಿರದು ಎನ್ನುತ್ತದೆ. ಶಿಸ್ತು ಬೇಡವೆಂದು ನಾನೂ ಹೇಳುವುದಿಲ್ಲ. ಅದೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಪೌಲ ಒಬ್ಬನನ್ನು ಸಭೆಯಿಂದ ಹೊರಗಿಡಲು ಹೇಳುತ್ತಾನೆ. ಆದರೆ ಅಲ್ಲಿ ತಪ್ಪು ಎಲ್ಲರಿಗೂ ತಿಳಿದದ್ದು, ನಿರ್ಣಯ ಕೂಡಿಬಂದ ಸಭೆಯದು. ಎರಡನೆಯ ಪತ್ರಿಕೆಯಲ್ಲಿ, ಶಿಕ್ಷೆಗೊಳಗಾದವನೊಬ್ಬ ಅತಿ ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಿ ಎಂದು ಪೌಲನೇ ಬೇಡಿಕೊಳ್ಳುತ್ತಾನೆ. ಮರಳುವ ದಾರಿ ತೋರಿಸದ ಗದರಿಕೆಯನ್ನು ಪೌಲನ ಹೆಸರಿಗೆ ಕಟ್ಟುವುದು ನ್ಯಾಯವಲ್ಲ.

ಮೆಥಡಿಸ್ಟರಾದ ನಮಗಂತೂ ಈ ವಿಷಯದಲ್ಲಿ ಅಜ್ಞಾನದ ನೆಪವಿಲ್ಲ. ಪದೇ ಪದೇ ಕರ್ತನ ಭೋಜನಕ್ಕೆ ಬರುವುದು ಕರ್ತವ್ಯ ಎಂದು ಜಾನ್ ವೆಸ್ಲಿ ತನ್ನ ಆಕ್ಸ್‌ಫರ್ಡ್ ಶಿಷ್ಯರಿಗಾಗಿ ಬರೆದಿದ್ದ ಪ್ರಸಂಗವನ್ನು ಐವತ್ತೈದು ವರ್ಷಗಳ ನಂತರ, 1787ರಲ್ಲಿ, ತಿದ್ದಿ ಪ್ರಕಟಿಸಿದ. ‘ನಾನು ಅಯೋಗ್ಯ, ಹೇಗೆ ಬರಲಿ’ ಎಂಬ ಆಕ್ಷೇಪವನ್ನು ಅದರಲ್ಲಿ ನೇರವಾಗಿ ಎತ್ತಿಕೊಂಡು ಉತ್ತರಿಸಿದ್ದಾನೆ. ಅಯೋಗ್ಯನು ತಿನ್ನಬಾರದೆಂದು ಪೌಲ ಎಲ್ಲೂ ಹೇಳಿಲ್ಲ, ಒಬ್ಬನು ಹಸಿದು ಇನ್ನೊಬ್ಬನು ಮತ್ತನಾಗುವ ಅವ್ಯವಸ್ಥೆಯಲ್ಲಿ ತಿನ್ನುವುದನ್ನೇ ಅವನು ಖಂಡಿಸಿದ್ದು ಎಂಬುದು ವೆಸ್ಲಿಯ ಉತ್ತರ. ಯೋಗ್ಯರಾಗುವವರೆಗೆ ಕಾದರೆ ಯಾರೂ ಎಂದೂ ಬರಲಾಗದು ಎಂಬುದು ಅವನ ನಿಲುವು. ಅವನ ಸಂಘಗಳಲ್ಲೂ ಮೇಜಿಗೆ ಬರಲು ಚೀಟಿ ತೋರಿಸುವ ಪದ್ಧತಿ ಇತ್ತು ಎಂಬುದು ನಿಜ. ಆದರೂ ಅಂಜಿದವರನ್ನು ಮೇಜಿಗೆ ಕರೆತರಲು ಅವನಷ್ಟು ಹೆಣಗಿದವರು ಕಡಿಮೆ. ನಮ್ಮ ಆರಾಧನೆಯಲ್ಲೇ ಇರುವ ಪ್ರಾರ್ಥನೆಯೊಂದು, ಮೇಜಿನ ಕೆಳಗೆ ಬಿದ್ದ ಚೂರುಗಳಿಗೂ ನಾವು ಯೋಗ್ಯರಲ್ಲ ಎಂದು ಎಲ್ಲರ ಬಾಯಿಂದಲೂ ಹೇಳಿಸಿ, ಆಮೇಲೆ ಎಲ್ಲರಿಗೂ ಕೊಡುತ್ತದೆ. ಲೂಕನ ಸುವಾರ್ತೆಯಲ್ಲಿ ಯೇಸು ರೊಟ್ಟಿಯನ್ನೂ ಪಾತ್ರೆಯನ್ನೂ ಕೊಟ್ಟ ಮೇಲೂ ತನ್ನನ್ನು ಹಿಡಿದುಕೊಡುವವನ ಕೈ ಅದೇ ಮೇಜಿನ ಮೇಲಿತ್ತು.

ಹುಮನಾಬಾದಿನಲ್ಲೂ ಬಸವಕಲ್ಯಾಣದಲ್ಲೂ ಸೇವೆಯಲ್ಲಿರುವ ಸಭಾಪಾಲಕರಲ್ಲಿ ನನ್ನ ಕೋರಿಕೆ: ವೆಸ್ಲಿಯ ಆ ಪ್ರಸಂಗವನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ಸಭೆಯಲ್ಲಿ ಓದಿ. ಕರ್ತನ ಭೋಜನದ ಭಾನುವಾರ 11ನೇ ಅಧ್ಯಾಯವನ್ನು 17ರಿಂದ 34ರವರೆಗೆ ಒಂದು ವಾಕ್ಯವನ್ನೂ ಬಿಡದೆ ಓದಿ. ಬೆಂಚಿನಲ್ಲೇ ಕೂತು ಉಳಿದ ಅಕ್ಕತಂಗಿಯರೇ, ಯಾರಾದರೂ 27ನೇ ವಾಕ್ಯ ಹೇಳಿ ನಿಮ್ಮನ್ನು ತಡೆದರೆ, 33ನೆಯದನ್ನೂ ಓದಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.