‘ನಾನೂ ಅಲ್ಲಿದ್ದೆನು’: ಪಂಕ್ ಸಂಗೀತದ ಆದಿಕಾಲದ ನೆನಪುಗಳನ್ನು ಕುರಿತು ಒಂದು ವಿಚಾರ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಅಮಾವಾಸ್ಯೆಯ ರಾತ್ರಿಯ ಭಜನೆಯನ್ನು ಕೇಳಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಏಕತಾರಿ ಹಿಡಿದವನು ಕಡಕೋಳ ಮಡಿವಾಳಪ್ಪನ ಪದವನ್ನು ತನ್ನದೇ ಎಂಬಂತೆ ಹಾಡುವನು. ಆದರೆ ಆ ಪದವು ಮೊದಲು ಯಾರ ಮುಂದೆ ಹುಟ್ಟಿತು, ಕೇಳಲು ಎಷ್ಟು ಜನ ಕುಳಿತಿದ್ದರು ಎಂಬ ಪ್ರಶ್ನೆಯೇ ಅವನಿಗೆ ಏಳದು. ಇದಕ್ಕೆ ತೀರ ವಿರುದ್ಧವಾದ ಸ್ಮರಣಕ್ರಮವೊಂದು ಇಂಗ್ಲೆಂಡಿನ ಪಂಕ್ ಸಂಗೀತದ ಚರಿತ್ರೆಯಲ್ಲಿ ಕಾಣಬರುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ನಿಷ್ಪ್ರಯೋಜಕವಾಗಲಾರದು.

ಪಂಕ್ ಎಂಬುದು 1970ರ ದಶಕದ ನಡುವೆ ತಲೆಯೆತ್ತಿದ, ಶಿಕ್ಷಣವಿಲ್ಲದ ತರುಣರು ಗಟ್ಟಿಯಾಗಿ, ವೇಗವಾಗಿ, ಚುಟುಕಾಗಿ ಬಾರಿಸಿ ಹಾಡಿದ ಸಂಗೀತ. 1976ನೆಯ ಜೂನ್ 4ರಂದು ಮ್ಯಾಂಚೆಸ್ಟರ್ ನಗರದ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ತಂಡವು ಹಾಡಿತು. ಕರೆಸಿದವರು ಹೊವರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂಬ ಇಬ್ಬರು ತರುಣರು. ಪ್ರವೇಶಕ್ಕೆ 50 ಪೆನ್ಸ್. ಬಂದವರು ಸುಮಾರು 40 ಮಂದಿ. ಆದರೆ ಮುಂದೆ ಆ ಸಂಜೆ ತಾನೂ ಅಲ್ಲಿದ್ದೆನೆಂದವರ ಸಂಖ್ಯೆ ಆ ಕೋಣೆಯಲ್ಲಿ ಹಿಡಿಸಲಾರದಷ್ಟು ಬೆಳೆಯಿತು. ಡೇವಿಡ್ ನೋಲನ್ ಎಂಬವರು ಈ ಹೇಳಿಕೆಗಳನ್ನು ಶೋಧಿಸಿ ಒಂದು ಗ್ರಂಥವನ್ನೇ ಬರೆದರು. ಅದರ ಹೆಸರೇ ‘ಐ ಸ್ವೇರ್ ಐ ವಾಸ್ ದೇರ್’, ಎಂದರೆ ಆಣೆಯಿಟ್ಟು ಹೇಳುತ್ತೇನೆ, ನಾನಲ್ಲಿದ್ದೆ.

ಸುಳ್ಳು ಸಾಕ್ಷಿಗಳನ್ನು ತೆಗೆದುಹಾಕಿದರೆ ಸತ್ಯವುಳಿಯುವುದೆಂಬ ನಂಬಿಕೆ ಇಂಥ ಶೋಧನೆಗೆ ಆಧಾರ. ಇದು ಅರ್ಧ ಮಾತ್ರ ಸರಿ. ಅಂದು ಇದ್ದವರಲ್ಲಿ ಪೀಟರ್ ಹುಕ್ ಎಂಬವನು ಮರುದಿನವೇ ಅಂಗಡಿಗೆ ಹೋಗಿ ಬಾಸ್ ಗಿಟಾರನ್ನು ಕೊಂಡನು. ಅವನೂ ಬರ್ನಾರ್ಡ್ ಸಮ್ನರನೂ ಸೇರಿ ಕಟ್ಟಿದ ತಂಡವು ಮುಂದೆ ಜಾಯ್ ಡಿವಿಜನ್ ಎಂದು ಪ್ರಸಿದ್ಧವಾಯಿತು. ಕರೆಸಿದ ಇಬ್ಬರೂ ಬಜ್‌ಕಾಕ್ಸ್ ಎಂಬ ತಂಡವನ್ನು ಕಟ್ಟಿ, ಸಾಲ ತಂದ 500 ಪೌಂಡಿನಲ್ಲಿ ‘ಸ್ಪೈರಲ್ ಸ್ಕ್ರಾಚ್’ ಎಂಬ ಧ್ವನಿಮುದ್ರಿಕೆಯನ್ನು 1977ರ ಜನವರಿಯಲ್ಲಿ ತಾವೇ ಹೊರತಂದರು. ದೊಡ್ಡ ಕಂಪನಿಯ ಅನುಗ್ರಹವಿಲ್ಲದೆಯೂ ಹಾಡು ಊರಾಚೆಗೆ ಹೋಗಬಲ್ಲುದೆಂದು ಇದರಿಂದ ತಿಳಿಯಿತು. ಆ ಸಂಜೆಯ ಮಹತ್ತ್ವವು ಇಂಥ ಕೊಳ್ಳುವಿಕೆಯಲ್ಲಿದೆ, ಸಾಲದಲ್ಲಿದೆ, ಹಾಜರಿಪಟ್ಟಿಯಲ್ಲಿಲ್ಲ. ಬರದೇ ಬಂದೆನೆಂದವನ ಮಾತೂ ಒಂದು ದಾಖಲೆಯೇ: ಆ ಹಾಡಿನಲ್ಲಿ ತನಗೂ ಪಾಲಿರಬೇಕೆಂಬ ಆಸೆ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಅದು ಪ್ರಮಾಣ. ನೋಲನ್ನರ ಶ್ರಮ ಶ್ಲಾಘ್ಯವೇ. ಆದರೆ ಯಾರಿದ್ದರೆಂಬುದನ್ನು ಎಣಿಸುವ ಭರದಲ್ಲಿ ಏನು ಮಾಡಿದರೆಂಬುದು ಹಿಂದೆ ಸರಿಯಬಾರದಷ್ಟೆ.

ನಮ್ಮ ಸೀಮೆಯಲ್ಲಿ ಈ ಆಸೆಯು ಅಂಕಿತದಲ್ಲಿ ಶಮನವಾಗುತ್ತದೆ. ಶಿಶುನಾಳ ಶರೀಫರು ಕೊನೆಯಲ್ಲಿ ಶಿಶುನಾಳಾಧೀಶನನ್ನು ಹೇಳಿ ತಾವು ಮರೆಯಾಗುವರು. ಮಡಿವಾಳಪ್ಪನ ಶಿಷ್ಯವರ್ಗದಲ್ಲಿ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಮೊದಲಾದವರಿದ್ದರು. ಜಾತಿಮತಗಳನ್ನು ದಾಟಿದ ಈ ಕೂಟವು ಹೇಗೆ ಸೇರಿತು, ಮಠದವರು ಏನೆಂದರು ಎಂಬುದನ್ನು ಹಾಡಿನಿಂದ ಊಹಿಸಬೇಕೇ ಹೊರತು ‘ನಾನಿದ್ದೆ’ ಎನ್ನುವವನಿಲ್ಲ. ಇದು ವಿನಯ, ಚರಿತ್ರೆಗೆ ನಷ್ಟವೂ ಹೌದು. ಇಷ್ಟು ವಿನಯಕ್ಕಿಂತ ಒಂದೆರಡು ಸುಳ್ಳು ಸಾಕ್ಷಿಗಳಿದ್ದರೇ ಲೇಸೆಂದು ಒಮ್ಮೊಮ್ಮೆ ನಮಗನ್ನಿಸುವುದುಂಟು.

ತತ್ವಪದಗಳ ಪಾಠಗಳು ಈಗ ಸಂಪುಟಗಳಾಗಿ ಅಚ್ಚಾಗಿವೆ. ಹಾಡುವವರ ನೆನಪುಗಳಿಗೆ ಆ ಭಾಗ್ಯ ಅಷ್ಟಾಗಿ ದೊರೆತಿಲ್ಲ. ಮ್ಯಾಂಚೆಸ್ಟರ್ ಗಿರಣಿಗಳ ಊರು; ಶಹಾಬಾದಿನ ಕಲ್ಲುಗಣಿಗಳಿಗೂ ವಾಡಿಯ ಸಿಮೆಂಟು ಕಾರ್ಖಾನೆಗೂ ದುಡಿಯಬಂದವರು ತಮ್ಮ ಹಳ್ಳಿಯ ಪದಗಳನ್ನೂ ಜೊತೆಗೆ ತಂದಿರಲೇಬೇಕು. ಅಲ್ಲಿನ ಮುದುಕರನ್ನು ಕಾಣಹೋಗುವ ಸಂಗ್ರಾಹಕರು ಪದವನ್ನು ಬರೆದುಕೊಂಡು ಎದ್ದುಬಿಡದೆ, ಮೊದಲ ಏಕತಾರಿಯನ್ನು ಯಾರು ಕೊಟ್ಟರು, ತಂತಿಯನ್ನು ಎಲ್ಲಿಂದ ತಂದಿರಿ, ಪಾಳಿ ಮುಗಿಸಿ ಬಂದು ಯಾರ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದಿರಿ ಎಂದೂ ಕೇಳಿಕೊಂಡು ಬರಲಿ.