ಈಜಿಪುರದ ಕರಾರು, ಪೀರನವಾಡಿಯ ಉತಾರ

ಬಡವರಿಗೆ ಮನೆ ಕಟ್ಟಿಕೊಡುವ ಮಾತು ಎದ್ದ ಕೂಡಲೇ ನಮ್ಮ ಚರ್ಚೆಯೆಲ್ಲ ಎರಡು ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ: ಎಷ್ಟು ಮನೆ, ಎಲ್ಲಿ ಜಾಗ? ಯಾರ ಹೆಸರಿಗೆ, ಯಾವ ಕರಾರಿನ ಮೇಲೆ ಎಂದು ಕೇಳುವಷ್ಟರಲ್ಲಿ ಅಡಿಗಲ್ಲು ಬಿದ್ದಿರುತ್ತದೆ. ಬೆಂಗಳೂರಿನ ಈಜಿಪುರ ಎಡವಿದ್ದು ಇಲ್ಲೇ.

ಕೋರಮಂಗಲಕ್ಕೆ ಅಂಟಿಕೊಂಡ ಜಾಗದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ನಗರಪಾಲಿಕೆ ಸುಮಾರು ಒಂದೂವರೆ ಸಾವಿರ ಮನೆ ಕಟ್ಟಿಸಿತ್ತು. ಕಾಮಗಾರಿ ಎಂಥದಿತ್ತೆಂದರೆ, ಎರಡು ದಶಕ ತುಂಬುವ ಮೊದಲೇ ಕಟ್ಟಡಗಳು ಕುಸಿಯತೊಡಗಿದವು. ಉಳಿದವನ್ನೂ ಕೆಡವಿ, ಜನರನ್ನು ಅದೇ ಆವರಣದ ತಗಡಿನ ಶೆಡ್ಡುಗಳಿಗೆ ಹಾಕಿದರು. ಆಮೇಲೆ ಬಂತು ಖಾಸಗಿ ಸಹಭಾಗಿತ್ವದ ಒಪ್ಪಂದ: ಹದಿನೈದು ಎಕರೆ ಚಿಲ್ಲರೆ ಜಾಗದ ಅರ್ಧದಲ್ಲಿ ಬಡವರ ಮನೆ, ಇನ್ನರ್ಧದಲ್ಲಿ ಬಿಲ್ಡರನ ವಾಣಿಜ್ಯ ಕಟ್ಟಡ. 2013ರ ಜನವರಿಯ ಚಳಿಯಲ್ಲಿ ಪೊಲೀಸರನ್ನು ನಿಲ್ಲಿಸಿಕೊಂಡು ಜೆಸಿಬಿಗಳು ಶೆಡ್ಡುಗಳನ್ನು ನೆಲಸಮ ಮಾಡಿದವು. ಎಷ್ಟೋ ಕುಟುಂಬಗಳು ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ, ವರ್ಷಗಟ್ಟಲೆ ಬದುಕಿದವು.

ಬಡವರಿಗೆ ಮನೆ ಬೇಡ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚಿನ್ನದ ಬೆಲೆಯ ನೆಲದಲ್ಲಿ ಅವರಿರುವುದು ಮಾತ್ರ ಹಲವರ ಕಣ್ಣಿಗೆ ಚುಚ್ಚುತ್ತಿತ್ತು. ಅವರನ್ನು ಹೊರಗಿಡಲು ನೆರವಾದದ್ದು ಹಂಚಿಕೆಯ ಪಟ್ಟಿ. ಮೂಲ ಹಂಚಿಕೆದಾರರಿಗೆ ಹೊಸ ಮನೆ ಎಂದರು. ಆದರೆ ಅವರಿಂದ ಖರೀದಿಸಿದವರು, ಬಾಡಿಗೆಗೆ ಬಂದು ಅಲ್ಲೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು ಪಟ್ಟಿಯಲ್ಲಿ ಎಲ್ಲಿ? ಮನೆ ಇದ್ದವರಿಗೆ ಕಾಗದ ಇರಲಿಲ್ಲ. ಯೋಜನೆಯೆಂದು ನೋಡಿದರೆ ಈಜಿಪುರ ಸೋತದ್ದು ಸಿಮೆಂಟಿನಲ್ಲಿ ಒಮ್ಮೆ, ಕಾಗದದಲ್ಲಿ ಇನ್ನೊಮ್ಮೆ. ನನ್ನ ಲೆಕ್ಕದಲ್ಲಿ ಎರಡನೆಯ ಸೋಲೇ ದೊಡ್ಡದು.

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಉದ್ಯಮಬಾಗ ದಾಟಿ ಸಿಗುವ ಪೀರನವಾಡಿಗೆ ಈ ಕತೆ ದೂರದ್ದಲ್ಲ. ಫೌಂಡ್ರಿ, ಮಷೀನ್ ಶಾಪ್‌ಗಳ ಎರಡನೇ ಪಾಳಿ ಮುಗಿಸಿದವನು ಸೈಕಲ್ ಮೇಲೆ ಮನೆ ಮುಟ್ಟಬಹುದಾದ ಊರಿದು. ಅದಕ್ಕೇ ಇಲ್ಲಿ ಗುಂಠೆಗೆ ಬೆಲೆ. ಇಂಥ ಊರಂಚಿನಲ್ಲಿ ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸದೆ ತುಂಡು ಮಾಡಿ ಮಾರುವುದು, ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಮನೆ ಎಬ್ಬಿಸುವುದು ಹೊಸದೇನಲ್ಲ. ಕರೆಂಟ್ ಬಿಲ್ಲು, ರೇಷನ್ ಕಾರ್ಡು, ವೋಟು ಎಲ್ಲ ಅದೇ ವಿಳಾಸಕ್ಕೆ ಬರುತ್ತವೆ. ಉತಾರದಲ್ಲಿ (ಪಹಣಿಯಲ್ಲಿ) ಮಾತ್ರ ಹೊಲದ ಹಳೆಯ ಮಾಲೀಕನ ಹೆಸರು ಕದಲಿರುವುದಿಲ್ಲ. 2025ರಲ್ಲಿ ಸರ್ಕಾರ ಬೆಂಗಳೂರಿನ ಆಚೆಯ ಪಟ್ಟಣಗಳಲ್ಲೂ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿದ್ದು ಇಂಥ ಮನೆಗಳು ರಾಜ್ಯದ ತುಂಬ ಇವೆಯೆಂದೇ.

ಇನ್ನೊಂದು ಬದಲಾವಣೆಯನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಪೀರನವಾಡಿಯಲ್ಲಿ ಗ್ರಾಮ ಪಂಚಾಯಿತಿ ಇದ್ದಾಗ ವಸತಿ ಫಲಾನುಭವಿಗಳನ್ನು ಆರಿಸುವ ಹಕ್ಕು ಗ್ರಾಮಸಭೆಯದಾಗಿತ್ತು. ನಾಲ್ಕು ಮಂದಿ ಎದ್ದುನಿಂತು ‘ಅವರಿಗಾಗ್ಲೇ ಮನಿ ಐತಿ’ ಎನ್ನಬಹುದಿತ್ತು. ಪಟ್ಟಣ ಪಂಚಾಯಿತಿಯಾದ ಮೇಲೆ ಆ ಕೆಲಸ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಹೋಗುತ್ತದೆ. ಊರು ಬಡ್ತಿ ಪಡೆಯಿತು, ಜನ ಎದ್ದು ಕೇಳುವ ಸಭೆ ಕಳೆದುಕೊಂಡರು. (2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿವಾದಕ್ಕಾಗಿ ಇಡೀ ರಾಜ್ಯ ಪೀರನವಾಡಿಯತ್ತ ಕಣ್ಣು ನೆಟ್ಟಿತ್ತು. ಮನೆಯ ಪಟ್ಟಿಗೆ ಅಷ್ಟು ಕಣ್ಣು ಯಾವ ಊರಿನಲ್ಲೂ ಬೀಳುವುದಿಲ್ಲ.)

ಇನ್ನು ಜಾಗದ ಪ್ರಶ್ನೆ. ಹೊಲ ಬಿಡಲೊಲ್ಲದ ರೈತರ ವಿರೋಧವನ್ನು ಸ್ವಾರ್ಥವೆಂದು ತಳ್ಳಿಹಾಕುವವರು ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸ್ ರಸ್ತೆಯನ್ನು ನೆನಪಿಸಿಕೊಳ್ಳಲಿ. ಪೀಕು ತುಂಬಿದ ಹೊಲ ಬಿಟ್ಟುಕೊಡಲು ಒಪ್ಪದೆ ವರ್ಷಗಟ್ಟಲೆ ಕೋರ್ಟು, ರಸ್ತೆ ಎರಡನ್ನೂ ಸುತ್ತಿದವರು ಅವರು. ವಸತಿಗೂ ಅವರ ಎರೆ ನೆಲವೇ ಬೇಕೆಂದರೆ ಬಡವರ ಎದುರು ಬಡವರನ್ನು ನಿಲ್ಲಿಸಿದಂತೆ. ಆದರೆ ‘ಬಡವರ ಮನೆ ಬಂದ್ರ ನಮ್ಮ ಪ್ಲಾಟಿನ ರೇಟ್ ಬೀಳ್ತದ’ ಎನ್ನುವ ಲೇಔಟ್ ಮಂದಿಯ ಆಕ್ಷೇಪಕ್ಕೆ ಅಷ್ಟು ಮರ್ಯಾದೆ ಕೊಡಬೇಕಿಲ್ಲ. ಅವರ ಮನೆಯ ಪಾತ್ರೆ ತೊಳೆಯುವವರು, ಗೋಡೆ ಕಟ್ಟಿದ ಗೌಂಡಿಗಳು ಎಲ್ಲೋ ಒಂದು ಕಡೆ ಇರಲೇಬೇಕಲ್ಲ.

ಬಹುಮಹಡಿ ಮನೆಗಳ ಬಗ್ಗೆಯೂ ನನಗೆ ತಕರಾರಿದೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ಆರ್ಥಿಕವಾಗಿ ಹಿಂದುಳಿದ ವರ್ಗಕ್ಕೆ ಗೊತ್ತುಮಾಡಿದ ಅಳತೆ 30 ಚದರ ಮೀಟರ್‌ವರೆಗೆ, ಅಂದರೆ ಸುಮಾರು 320 ಚದರ ಅಡಿ. ಒಂದು ಕಾಟು, ಒಂದು ತಿಜೋರಿ, ಹೊಲಿಗೆ ಯಂತ್ರ ಇಟ್ಟರೆ ರೊಟ್ಟಿ ಬಡಿಯಲು ಕೂರುವವಳು ಬಾಗಿಲಿಗೆ ಬೆನ್ನು ಕೊಡಬೇಕು. ತರಕಾರಿಯ ಕೈಗಾಡಿ ಮೂರನೇ ಮಹಡಿ ಹತ್ತುವುದಿಲ್ಲ. ಕೆಳಗೆ ಬಿಟ್ಟರೆ ಬೆಳಗ್ಗೆ ಇರುತ್ತದೆಂಬ ಖಾತ್ರಿಯಿಲ್ಲ. ಅದಕ್ಕಿಂತ ಬಾಂಡ್ ಪೇಪರಿನ ಮನೆಗಳಿಗೆ ಹಕ್ಕುಪತ್ರ ಕೊಟ್ಟು, ಗಟಾರು, ನೀರು, ರಸ್ತೆ ಮಾಡಿಸಿ, ಇದ್ದ ಜಾಗದಲ್ಲೇ ಕಟ್ಟಿಕೊಳ್ಳಲು ಅನುದಾನ ಕೊಡುವುದು ಲೇಸು. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ನೆರವು ಅದೇ ಯೋಜನೆಯಲ್ಲಿದೆ. ಆದರೆ ಕಾಗದವಿಲ್ಲದವನು ಅದನ್ನು ಮುಟ್ಟಲಾರ.

ಹಾಗಿದ್ದೂ ಪೀರನವಾಡಿಗೆ ಅಪಾರ್ಟ್‌ಮೆಂಟಿನ ಪ್ರಸ್ತಾಪವೇ ಬಂದರೆ, ಅಡಿಗಲ್ಲಿಗೆ ಮೊದಲು ಕರಾರಿನ ಪ್ರತಿ ಮತ್ತು ಫಲಾನುಭವಿಗಳ ಪಟ್ಟಿಯನ್ನು ಪಟ್ಟಣ ಪಂಚಾಯಿತಿಯ ಗೋಡೆಗೆ ಹಚ್ಚಿಸಿ. ಎರಡನ್ನೂ ಕನ್ನಡ, ಮರಾಠಿ, ಉರ್ದುಗಳಲ್ಲಿ ಗಲ್ಲಿಗಲ್ಲಿಗೆ ಓದಿ ಹೇಳಿಸಿ. ಓದಿ ಮುಗಿಯುವವರೆಗೆ ಯಾರೂ ಸಹಿ ಹಾಕಬೇಡಿ.